ಕೆಂಪು ಗೆರೆಯನ್ನು ಕೂಡಿಸಿದವರು ಯಾರು?

ಮಾರ್ಚ್ 3, ಬೆಳಿಗ್ಗೆ 7

ನಿನ್ನೆ, ಮಾರ್ಚ್ ಎರಡರಂದು, ಆಸ್ಪತ್ರೆಯವರು ತಂಗಿಯನ್ನು ಅಮಾನತು ಮಾಡಿದರು. ಹತ್ತೊಂಬತ್ತು ವರ್ಷ ನರ್ಸ್ ಆಗಿ ದುಡಿದವಳು. ಕಾರಣ — ಫ್ರಿಜ್ಜಿನ ಲಸಿಕೆ ಕೆಟ್ಟಿತಂತೆ. ಥರ್ಮಾಮೀಟರ್ ತೋರಿಸಿದ್ದು ನಾಲ್ಕು ಡಿಗ್ರಿ, ಒಳಗಿದ್ದದ್ದು ಹತ್ತು. ನಳಿಗೆಯೊಳಗಿನ ಕೆಂಪು ಗೆರೆ ತುಂಡಾಗಿದೆ, ಬೇರೆ ಕೊಡಿ ಎಂದು ಜನವರಿಯಿಂದ ಉಗ್ರಾಣಕ್ಕೆ ಮೂರು ಪತ್ರ ಬರೆದಿದ್ದಳು. ಒಂದಕ್ಕೂ ಉತ್ತರವಿಲ್ಲ.

ಉಗ್ರಾಣದ ಅಧಿಕಾರಿ ಎಲ್ಲರೆದುರು ಕೇಳಿದನಂತೆ: “ದ್ರವ ಎಲ್ಲಾದ್ರೂ ತುಂಡಾಗುತ್ತೇನಮ್ಮಾ? ನೀರನ್ನ ಚಾಕುವಲ್ಲಿ ಕೊಯ್ದಿದ್ದೀಯಾ?”

ಕೋಣೆಗೆ ಕೋಣೆಯೇ ನಕ್ಕಿತಂತೆ.

ಮಾರ್ಚ್ 4

ಮೂವತ್ತೊಂದು ವರ್ಷ ಶಾಲೆಯಲ್ಲಿ ಇದೇ ಪಾಠ ಮಾಡಿದೆ. ಥರ್ಮಾಮೀಟರಿಗೆ ದ್ರವವೇ ಏಕೆ? ಘನವಸ್ತು ಬಿಸಿಗೆ ಹಿಗ್ಗುವುದು ಕಣ್ಣಿಗೆ ಕಾಣದಷ್ಟು. ಅನಿಲ ವಿಪರೀತ ಹಿಗ್ಗುತ್ತದೆ, ಹೊರಗಿನ ಒತ್ತಡಕ್ಕೂ ಕುಣಿಯುತ್ತದೆ. ದ್ರವ ಹದವಾಗಿ ಹಿಗ್ಗಿ, ಸಣ್ಣ ನಳಿಗೆಯಲ್ಲಿ ಏರಿಳಿದು, ಕಣ್ಣೆದುರೇ ಸಾಕ್ಷಿ ಹೇಳುತ್ತದೆ. ಆದರೆ ಒಂದೇ ಎಳೆಯಾಗಿರಬೇಕು. ಏಟು ಬಿದ್ದರೆ ನಡುವೆ ಗುಳ್ಳೆ ಸೇರಿ ಮೇಲಿನ ತುಂಡು ಬೇರೆಯಾಗುತ್ತದೆ. ಆ ತುಂಡಿನ ಉದ್ದದಷ್ಟೂ ಕೆಳಗಿನ ಗೆರೆ ಕಡಿಮೆ ತೋರಿಸುತ್ತದೆ.

“ಅಣ್ಣ, ಇದನ್ನೆಲ್ಲ ನನಗ್ಯಾಕೆ ಹೇಳ್ತೀಯ? ಅವರಿಗೆ ಹೇಳು” ಎಂದಳು.

ಹೇಳುತ್ತೇನೆ.

ಮಾರ್ಚ್ 9, ಸೋಮವಾರ

ಆಸ್ಪತ್ರೆಯ ಮೂವರ ಸಮಿತಿಯೆದುರು ತಂಗಿಯ ವಿಚಾರಣೆ; ಅವಳ ಪರವಾಗಿ ನಾನೂ ಹೋದೆ. ಮೇಜಿನ ಮೇಲಿದ್ದ ಆ ಥರ್ಮಾಮೀಟರನ್ನೇ ಕರಗುವ ಮಂಜುಗಡ್ಡೆಯಲ್ಲಿ ಇಟ್ಟೆ. ಸೊನ್ನೆಯಲ್ಲಿ ನಿಲ್ಲಬೇಕಾದ ಗೆರೆ ಆರು ಡಿಗ್ರಿ ಕೆಳಗೆ. ಮೇಲೆ, ಆರು ಡಿಗ್ರಿಯಷ್ಟೇ ಉದ್ದದ ತುಂಡು, ಒಂಟಿಯಾಗಿ. ಸಮಿತಿಯ ಮೂವರೂ ಬಗ್ಗಿ ನೋಡಿದರು. ಈ ಸಲ ಯಾರೂ ನಗಲಿಲ್ಲ.

“ಅದನ್ನ ಇಲ್ಲೇ ಬಿಟ್ಟು ಹೋಗಿ ಮೇಷ್ಟ್ರೇ,” ಎಂದ ಅಧಿಕಾರಿ. “ಶುಕ್ರವಾರ ದೊಡ್ಡ ಡಾಕ್ಟ್ರು ನೋಡ್ತಾರೆ.”

ಬಿಟ್ಟು ಬಂದೆ. ಒಂದು ಮುದ್ರೆ ಹಾಕಿಸಲಿಲ್ಲ, ಒಂದು ಫೋಟೋ ತೆಗೆಯಲಿಲ್ಲ. ನನ್ನ ಬುದ್ಧಿಗಿಷ್ಟು…

ಮಾರ್ಚ್ 13, ಶುಕ್ರವಾರ

ಗೆರೆ ಕೂಡಿಕೊಂಡಿದೆ! ಒಂದೇ ಎಳೆ. ದೊಡ್ಡ ಡಾಕ್ಟರು ಮಂಜುಗಡ್ಡೆಯಲ್ಲಿಟ್ಟರು — ಸರಿಯಾಗಿ ಸೊನ್ನೆ.

“ಚೆನ್ನಾಗೇ ಇದೆಯಲ್ರೀ ಮೇಷ್ಟ್ರೇ?”

ಸಮಿತಿಯ ಮೂವರೂ ಕಿಟಕಿಯಾಚೆ ನೋಡುತ್ತಿದ್ದರು. ತಂಗಿ ತಲೆ ಎತ್ತಲಿಲ್ಲ.

ಹೊರಗೆ ವಾರ್ಡಿನ ಆಯಾ ತೋಳು ಹಿಡಿದು ನಿಲ್ಲಿಸಿದಳು. “ಬುಧವಾರ ಉಗ್ರಾಣದ ಸಾಹೇಬ್ರು ಅದನ್ನ ಒದ್ದೆ ಬಟ್ಟೆ ಒದರೋ ಹಾಗೆ ಒದರ್ತಿದ್ರು. ನಾನು ಹೇಳ್ದೆ ಅನ್ಬೇಡಿ ಮೇಷ್ಟ್ರೇ, ನನ್ನ ಅನ್ನ ಹೋಗುತ್ತೆ.”

ಅನ್ನುವುದಿಲ್ಲ.

ಮಾರ್ಚ್ 14, ಬೆಳಿಗ್ಗೆ 6

ಆಯಾಳನ್ನು ಎಳೆಯದೆಯೂ ಕೇಳಬಹುದು. ಪತ್ರಿಕೆಗೆ ಒಂದು ಪ್ರತಿ, ಆಸ್ಪತ್ರೆಯ ಬಾಗಿಲಿಗೆ ಒಂದು. ಕರಡು ಇಲ್ಲೇ ಬರೆಯುತ್ತೇನೆ —

ಸೋಮವಾರ ಮೂವರು ಕಣ್ಣಾರೆ ಕಂಡ ತುಂಡು ಶುಕ್ರವಾರ ಇಲ್ಲ. ಮೇಜಿನ ಮೇಲೆ ಸುಮ್ಮನೆ ಬಿದ್ದಿದ್ದರೆ ಅದು ಕೂಡುವುದಿಲ್ಲ, ಹಿಡಿದು ಜಾಡಿಸಬೇಕು. ದ್ರವ ತುಂಡಾಗುವುದೇ ಇಲ್ಲ ಎಂದವರಿಗೆ ಅದನ್ನು ಕೂಡಿಸುವುದು ಹೇಗೆ ಗೊತ್ತಾಯಿತು? ಉತ್ತರವನ್ನು ನನ್ನ ಮನೆಗೆ ತರಬೇಡಿ. ಅಂದು ನಕ್ಕವರೆಲ್ಲ ಕೂತಿದ್ದ ಅದೇ ಕೋಣೆಯಲ್ಲಿ, ಬಾಗಿಲು ತೆರೆದಿಟ್ಟು, ನನ್ನ ತಂಗಿಯ ಮುಖ ನೋಡಿ, ಗಟ್ಟಿಯಾಗಿ ಹೇಳಿ —