ಶೆಡ್ಡು ಹೊತ್ತವರ ಊಟ

ಸಟನ್, ಸೋಮವಾರ

ಮಾನ್ಯ ಮಂಜಯ್ಯನವರೆ,

ಹಿತ್ತಲಿನ ಶೆಡ್ಡು ಜರುಗಿತು! ಅದು ಪಕ್ಕದವರ ಜಾಗಕ್ಕೆ ಚಾಚಿದೆ, ಒಡೆಸಿಬಿಡಿ ಎಂದು ನೀವು ಫೋನಿನಲ್ಲಿ ಸಲೀಸಾಗಿ ಹೇಳಿದಿರಿ. ನನ್ನ ಹೊಲಿಗೆ ಮೆಷಿನ್ನು, ಹೊಟ್ಟೆಪಾಡು ಎರಡೂ ಅದರೊಳಗೇ ಇವೆ.

ಮಹಡಿಯಲ್ಲಿರುವ ನಿಮ್ಮ ಇನ್ನೊಬ್ಬ ಬಾಡಿಗೆದಾರಳು, ಫಿಲಿಪೀನ್ಸಿನ ನರ್ಸ್ ಮಾರಿಸೆಲ್ ಎದುರು ಅತ್ತುಬಿಟ್ಟೆ. ಅವಳ ಮುತ್ತಜ್ಜನ ಕಾಲದಲ್ಲಿ ಸಮುದ್ರ ಅವರ ಪುಟ್ಟ ಊರನ್ನು ನುಂಗತೊಡಗಿತಂತೆ. ಜನ ಬಿದಿರಿನ ಮನೆಗಳಿಗೆ ಗಳ ಕಟ್ಟಿ, ಹೆಗಲ ಮೇಲೆ ಹೊತ್ತು, ಇಡೀ ಊರನ್ನೇ ಗುಡ್ಡಕ್ಕೆ ಸಾಗಿಸಿದರಂತೆ. “ಒಡೆಯೋದ್ಯಾಕೆ ಅಕ್ಕ? ಎತ್ತಿಟ್ರಾಯ್ತು” ಎಂದಳು, ನಾನು ಕಲಿಸಿದ ‘ಅಕ್ಕ’ ಸೇರಿಸಿ, ಇಂಗ್ಲಿಷಿನಲ್ಲಿ.

ನಿನ್ನೆ ಅವಳ ಚರ್ಚಿನವರೆಲ್ಲ ಬಂದು, ಹಾಡುತ್ತ, ಶೆಡ್ಡನ್ನು ಇಡಿಯಾಗಿ ಎತ್ತಿ ಬೇಲಿಯಿಂದ ಈಚೆಗಿಟ್ಟರು. ಕಿಟಕಿಯ ಗಾಜೂ ಬಿರುಕುಬಿಡಲಿಲ್ಲ!

ಹೊತ್ತವರಿಗೆ ಮನೆಯ ಯಜಮಾನ ಊಟ ಹಾಕುವುದು ಅವರ ಪದ್ಧತಿ. ಯಜಮಾನರು ನೀವು. ಈ ಸಲ ನಾನೇ ಬಿಸಿಬೇಳೆಬಾತ್ ಮಾಡಿ ಸುಧಾರಿಸಿದೆ. ಬಾಯ್ಲರ್ ಕೆಟ್ಟು ತಿಂಗಳಾದ್ದರಿಂದ ಪಾತ್ರೆಗಳನ್ನು ತಣ್ಣೀರಿನಲ್ಲೇ ತೊಳೆದೆವು. ಈ ವಾರ ಅದನ್ನು ರಿಪೇರಿ ಮಾಡಿಸಿ. ಇಲ್ಲವಾದರೆ ಬರುವ ಭಾನುವಾರ ಅಷ್ಟೂ ಜನ ನಿಮ್ಮ ಕೆಂಟನ್ ಮನೆಗೇ ಊಟಕ್ಕೆ ಬರುತ್ತಾರೆ. ವಿಳಾಸ ಕೊಟ್ಟಾಗಿದೆ.

ತಣ್ಣನೆಯ ಕೈಗಳಿಂದ ನಮಸ್ಕಾರ,
ಕೆಳಗಿನ ಮನೆಯ ಅಂಬುಜಾ