ಓನ್ನಿಯ ಮರದ ಮನೆಗೆ ದಾರಿ

ಕೆಮಿಯಾರ್ವಿ, ನವೆಂಬರ್ ೧೪

ಪ್ರೀತಿಯ ಇಲ್ಮರಿ,

ಹೇಗಿದ್ದೀಯ ಮಗನೇ? ಅಪಘಾತದಲ್ಲಿ ಮುರಿದ ಕಾಲಿನೊಳಗೆ ಹಾಕಿದ ಸರಳು ಈ ಚಳಿಗೆ ನೋಯುತ್ತಿದೆಯೇ? ಜೈಲಿನ ಡಾಕ್ಟರನ್ನು ಕೇಳಲು ಸಂಕೋಚಪಡಬೇಡ. ಉಣ್ಣೆಯ ಕಾಲುಚೀಲ ಹೆಣೆದಿಟ್ಟಿದ್ದೇನೆ, ಒಳಗೆ ಬಿಡುತ್ತಾರೋ ಇಲ್ಲವೋ ವಿಚಾರಿಸಿ ತಿಳಿಸು. ನಾನು ಇದ್ದೇನೆ. ಕೆರೆ ಹೆಪ್ಪುಗಟ್ಟಿದೆ, ಮಧ್ಯಾಹ್ನ ಕಳೆಯುವ ಮೊದಲೇ ಕತ್ತಲು.

ಕಳೆದ ವಾರ ಹಿಲ್ಕ ಬಂದಿದ್ದಳು. ಹೌದು, ಓನ್ನಿಯ ಅಮ್ಮ. ನಿನ್ನ ಕಾರಿನಲ್ಲಿ ಅವನು ಸತ್ತ ಮೇಲೆ ಅವಳು ನಮ್ಮ ಮೆಟ್ಟಿಲು ಹತ್ತಿರಲಿಲ್ಲ. ಅಂಗಡಿಯಲ್ಲಿ ನನ್ನನ್ನು ಕಂಡರೆ ಕೈಯಲ್ಲಿದ್ದ ಸಾಮಾನು ಅಲ್ಲೇ ಇಟ್ಟು ಹೊರಟುಬಿಡುತ್ತಿದ್ದಳು. ಅವತ್ತು ಕೋಟು ಬಿಚ್ಚದೆ ಹೊಸ್ತಿಲಲ್ಲೇ ನಿಂತು, "ಬಾಗಿಲು ಯಾಕೆ ಮುಚ್ಚಿದ್ರಿ?" ಎಂದಳು. ಶಾಲೆಯ ದಿನಗಳಿಂದ ನನ್ನನ್ನು 'ನೀನು' ಎಂದವಳು! ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ ಹೇಳಿದಳು. ನೀನೂ ಓನ್ನಿಯೂ ಸೇರಿ ಕಟ್ಟಿದ ಆಟದ ಊರು ನಿನ್ನ ಕಂಪ್ಯೂಟರಿನಲ್ಲಿದೆಯಲ್ಲ, ಮಗನನ್ನು ಮಣ್ಣುಮಾಡಿದಾಗಿನಿಂದ ಅವನ ಕಂಪ್ಯೂಟರಿನ ಮುಂದೆ ಕೂತು ದಿನಾ ಆ ಊರಿಗೆ ಹೋಗಿಬರುತ್ತಿದ್ದಳಂತೆ. ನಿನ್ನ ಕೋಣೆಯ ಯಂತ್ರವನ್ನು ಆರಿಸಲು ನನಗೆ ಕೈ ಬಂದಿರಲಿಲ್ಲ. ಅದರ ಗುಂಯ್ ಸದ್ದು ಕೇಳಿದರೆ ನೀನು ಒಳಗಿದ್ದೀಯ ಅನಿಸುತ್ತಿತ್ತು. ಈಚೆಗೆ ಇಂಟರ್ನೆಟ್ಟಿನವರು ಹಳೆಯ ರೌಟರ್ ಬದಲಿಸಿದರು. ಅವಳ ದಾರಿ ಕಡಿದುಹೋಯಿತು.

ಕಂಪನಿಗೆ ಫೋನ್ ಮಾಡಿದೆ. "ಆಟಗೀಟಕ್ಕೆಲ್ಲ ಪೋರ್ಟ್ ನೀವೇ ತೆಗೀಬೇಕು, ಅದು ನಮ್ಮ ಕೆಲಸ ಅಲ್ಲ" ಎಂದರು. ಸರಿ, ರೌಟರಿನ ತಳದಲ್ಲಿ ಅಂಟಿಸಿದ್ದ ಪಾಸ್‌ವರ್ಡ್ ಹಾಕಿ ನಾನೇ ಒಳಹೊಕ್ಕೆ. ಪೋರ್ಟ್ ಅಂದರೆ ರೌಟರಿನ ಬಾಗಿಲು, ಅದರ ಸಂಖ್ಯೆಯನ್ನು ಹಿಲ್ಕ ತನ್ನ ಮನೆಯಿಂದ ಫೋನಿನಲ್ಲಿ ಓದಿ ಹೇಳಿದಳು. ಆ ಸಂಖ್ಯೆ ಕೇಳಿಕೊಂಡು ಹೊರಗಿನಿಂದ ಬಂದವರನ್ನು ಮನೆಯ ಯಾವ ಯಂತ್ರಕ್ಕೆ ಕಳಿಸಬೇಕು ಎಂದು ರೌಟರಿಗೆ ಹೇಳಿಕೊಡಬೇಕು, ಅಷ್ಟೇ. ನಾನೋ, ಮೊದಲು ಟೀವಿಗೆ ಕಳಿಸಿದ್ದೆ! "ಇಲ್ಲ, ಇನ್ನೂ ಗೋಡೇನೇ" ಎನ್ನುತ್ತಿದ್ದಳು ಹಿಲ್ಕ. ತಿದ್ದಿದೆ. ನಿನ್ನ ಕಂಪ್ಯೂಟರಿನ ಪರದೆಯ ಮೇಲೆ "ಓನ್ನಿ ಬಂದಿದ್ದಾನೆ" ಎಂಬ ಸಾಲು ಮೂಡಿತು.

ಹೆಸರಷ್ಟೇ ಅವನದು, ನಡೆಸುತ್ತಿರುವವಳು ಅವಳು ಎಂದು ಗೊತ್ತಿದ್ದೂ ನಾನು ಕುರ್ಚಿ ಹಿಡಿದುಕೊಂಡೆ. ಆಟದ ಊರಿನಲ್ಲಿ ನಿನ್ನ ಗೊಂಬೆ ನೀನು ಬಿಟ್ಟುಹೋದಲ್ಲೇ, ನೀರಿನ ದಂಡೆಯಲ್ಲಿ ನಿಂತಿತ್ತು. ಓನ್ನಿಯ ಗೊಂಬೆ ಅದನ್ನು ಹಾದು, ಅವನು ಕಟ್ಟಿದ ಮರದ ಮನೆಗೆ ಹೋಗಿ ಒಲೆಯ ಮುಂದೆ ನಿಂತಿತು. ಆಮೇಲೆ ಅಲುಗಲಿಲ್ಲ. ಫೋನನ್ನು ಅವಳೂ ಇಡಲಿಲ್ಲ, ನಾನೂ ಇಡಲಿಲ್ಲ.

ಈಗ ದಿನಾ ಬರುತ್ತಾಳೆ. ನಾನು ಕೆಲಸದಿಂದ ಬಂದು ನಿನ್ನ ಕೋಣೆಯಲ್ಲಿ ಕೂರುತ್ತೇನೆ. ನಿನ್ನ ಗೊಂಬೆಯನ್ನು ಮುಟ್ಟಿಲ್ಲ. ಅದು ಕದಲಿದರೆ ಅವಳಿಗೆ ಹೇಗಾಗುತ್ತದೋ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನಗೆ ನಿದ್ದೆ ಬರಲಿ, ಮಗನೇ.

ನಿನ್ನ ಅಮ್ಮ,
ಸೈಮಿ

ಅಂಚೆಯವರು ಬರುವ ಹೊತ್ತಾಯಿತು. ಈ ಕೊನೆಯ ಮಾತನ್ನು ಬರೆಯಲೋ ಬೇಡವೋ ಎಂದು ಅನುಮಾನಿಸುತ್ತಲೇ ಇಷ್ಟೆಲ್ಲ ಬರೆದೆ. ನಿನ್ನೆ ಹಿಲ್ಕ ಕೇಳಿದಳು: "ಕೊನೇಲಿ ನನ್ನ ಮಗ ಏನಾದ್ರೂ ಅಂದ್ನಾ? ಇಲ್ಮರೀನ ಕೇಳಿ." ಕೋರ್ಟಿನಲ್ಲಿ ನೀನು ಏನೂ ನೆನಪಿಲ್ಲ ಎಂದೆ. ಆಗ ನಿನ್ನ ಮುಖ ನೋಡಿದವಳು ನಾನು. ನಿನಗೆ ನೆನಪಿದೆ. ಎಂಥ ಮಾತಾದರೂ ಸರಿ, ಬರೆ. ನನಗಲ್ಲ, ಅವಳಿಗೆ.