ತಣ್ಣನೆಯ ಕೋಣೆಯ ಸಹಿ

ನೆಲಮಂಗಲ
೧೪ ಮೇ ೨೦೨೫

ಪ್ರೀತಿಯ ಯಶೂ,

ಹೇಗಿದ್ದೀಯಾ? ನಿನ್ನ ಯುಗಾದಿ ಪತ್ರಕ್ಕೆ ಈಗ ಉತ್ತರಿಸುತ್ತಿದ್ದೇನೆ, ಬೈದುಕೋ. ನೀನು ಕಳಿಸಿದ ಕವಿತೆಗಳ ಪುಸ್ತಕ ಮೇಜಿನ ಮೇಲೇ ಇದೆ. ಮೂರು ದಿನದಿಂದ ಒಂದೇ ಪುಟ ಓದುತ್ತಿದ್ದೇನೆ. ಹೆದರಿಕೆಗೆ ಏನೂ ತಲೆಗೆ ಹೋಗುತ್ತಿಲ್ಲ.

ಸೋಂಪುರದ ನಮ್ಮ ಕಾರ್ಖಾನೆಯಲ್ಲಿ, ಎಕ್ಸ್‌ರೇ ಕೋಣೆಯವರು ಜೇಬಿನಲ್ಲಿಟ್ಟುಕೊಳ್ಳುವ ಮಾಪಕ ಮಾಡುತ್ತೇವಲ್ಲ. ವಿಕಿರಣ ತಾಗಿದರೆ ಒಳಗಿನ ಸ್ಫಟಿಕ ಮಿನುಗುತ್ತದೆ, ಆ ಬೆಳಕನ್ನು ಅಳೆದು ಮಾಪಕ ಕೂಗುತ್ತದೆ. ಪರೀಕ್ಷಿಸಿ ಸಹಿ ಹಾಕುವವಳು ನಾನು. ಈ ವಯಸ್ಸಿನಲ್ಲಿ ಮೈ ಇದ್ದಕ್ಕಿದ್ದಂತೆ ಧಗಧಗ ಉರಿಯುವುದು ನಿನಗೂ ಗೊತ್ತು. ಹಾಗಾಗಿ ಪರೀಕ್ಷೆಯ ಕೋಣೆಯಲ್ಲಿ ಎ.ಸಿ. ಯಾವಾಗಲೂ ಹದಿನೆಂಟರಲ್ಲೇ. ಜೊತೆಗೆ ಕೆಲಸ ಮಾಡುವ ಕೆಂಪರಾಜ್ ಸ್ವೆಟರ್ ಹಾಕಿಕೊಂಡು, “ಮೇಡಂ, ಇದು ಸೋಂಪುರಾನಾ, ಕಾಶ್ಮೀರಾನಾ? ಶಾಲು ಮಾರೋರು ಬರೋದೊಂದು ಬಾಕಿ” ಎನ್ನುತ್ತಿದ್ದ.

ಸೋಮವಾರ ಎ.ಸಿ. ಕೆಟ್ಟಿತು. ಬೆಳಿಗ್ಗೆ ಅಳೆದಿದ್ದ ಮಾಪಕವನ್ನೇ ಮಧ್ಯಾಹ್ನ ಮತ್ತೆ ಅಳೆದರೆ ಅದೇ ಸ್ಫಟಿಕದ ಬೆಳಕು ಕಾಲುಭಾಗ ಇಳಿದಿತ್ತು.

“ಕರೆಂಟ್ ಏರುಪೇರು ಇರ್ಬೇಕು ಬಿಡಿ ಮೇಡಂ,” ಎಂದ ಕೆಂಪರಾಜ್.

ಮಾಪಕವನ್ನು ಮೈಯ ಶಾಖ ತಾಗುವಂತೆ ಅವನ ಅಂಗಿ ಜೇಬಿನಲ್ಲೇ ಅರ್ಧ ಗಂಟೆ ಇರಿಸಿ ಮತ್ತೆ ಅಳೆದೆ. ಇನ್ನೂ ಇಳಿಯಿತು. ಕೆಂಪರಾಜ್ ಮುಖ ಸಪ್ಪಗಾಯಿತು. “ಹಂಗಾದ್ರೆ ಇದನ್ನ ನಂಬ್ಕೊಂಡೋರ ಗತಿ?”

ಎಂ.ಎಸ್ಸಿ.ಯಲ್ಲಿ ನಾವಿಬ್ಬರೂ ಓದಿದ್ದೇ, ಯಶೂ. ಸ್ಫಟಿಕದ ಪರಮಾಣುಗಳು ಸಾಲಾಗಿ ನಿಂತಿದ್ದರೂ ನಡುಗುತ್ತಲೇ ಇರುತ್ತವೆ. ಬಿಸಿಯಾದಷ್ಟೂ ನಡುಕ ಹೆಚ್ಚು. ಬೆಳಕಾಗಿ ಹೊರಬರಬೇಕಾದ ಶಕ್ತಿಯನ್ನು ಆ ನಡುಕವೇ ನುಂಗುತ್ತದೆ. ಮಾಪಕ ವಿಕಿರಣ ಕಡಿಮೆಯಿದೆಯೆಂದು ತೋರಿಸುತ್ತದೆ. ಕೋಣೆಯಲ್ಲಿ ಇಷ್ಟು ಚಳಿ ಇಟ್ಟುಕೊಂಡು, ಅಲ್ಲೇ ಪರೀಕ್ಷಿಸಿ ಸಹಿ ಹಾಕುತ್ತಾ ನಾನು ಅದನ್ನೇ ಮರೆತೆ.

“ಎರಡು ದಿನ ಸುಮ್ನಿರಿ ಮೇಡಂ, ನೋಡೋಣ,” ಎಂದರು ಮ್ಯಾನೇಜರ್ ಶ್ರೀಧರ್. ಸುಮ್ಮನಿರಲು ಆಗಲಿಲ್ಲ. ಈ ಮಾಪಕ ಕೊಂಡಿದ್ದ ಹನ್ನೊಂದು ಆಸ್ಪತ್ರೆಗಳಿಗೂ ನಾನೇ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. “ಇಷ್ಟು ದಿನ ನಮ್ಮ ಮೈಗೆ ಎಷ್ಟು ತಾಗಿರುತ್ತೆ?” ಎಂದು ಒಬ್ಬಾಕೆ ಕೇಳಿದಳು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ಕೆಲಸ ಹೋದರೆ ಹೋಗಲಿ, ಆ ಪ್ರಶ್ನೆಗೆ ಹೆದರುತ್ತಿದ್ದೇನೆ.

ನಿನ್ನ ಮಂಡಿನೋವು ಬೇಗ ಇಳಿಯಲಿ. ಮಕ್ಕಳಿಗೆ ನನ್ನ ದುವಾ, ಅವರ ಮೈಗೆ ಯಾವ ಕೇಡೂ ತಾಗದಿರಲಿ.

ನಿನ್ನ
ಮೆಹ್ನಾಜ್

ತಾ.ಕ.: ಬರೆಯಬಾರದೆಂದುಕೊಂಡಿದ್ದೆ. ಆ ಹನ್ನೊಂದರಲ್ಲಿ ಒಂದು ನನ್ನ ಮಗಳು ಖುಷ್ನುಮಾ ಎಕ್ಸ್‌ರೇ ತೆಗೆಯುವ ಆಸ್ಪತ್ರೆ. ಅವಳಿಗೀಗ ನಾಲ್ಕು ತಿಂಗಳು. ಮಾರ್ಚಿನಲ್ಲೇ ಹೇಳಿದ್ದಳು: “ಅಮ್ಮೀ, ಸೆಕೇಲಿ ಇದು ಕೂಗೋದೇ ಇಲ್ಲ. ಹಳೇ ಬ್ಯಾಡ್ಜನ್ನೇ ಹಾಕ್ಕೊಳ್ಳಲಾ?” ನನ್ನ ಸಹಿಯ ಮೇಲೆ ನಂಬಿಕೆ ಇಲ್ಲವೇ ಎಂದು ಗದರಿ, ವಿಕಿರಣ ದಾಖಲಿಸುವ ಆ ಹಳೆಯ ಬ್ಯಾಡ್ಜನ್ನು ವಾಪಸು ಕೊಡಿಸಿದೆ. ಸೋಮವಾರ ಅವಳಿಗೆ ಮಾತ್ರ ನಿಜ ಹೇಳಲಾಗಲಿಲ್ಲ. ಮಾಪಕ ತೆಗೆದಿಡು, ನಾಳೆಯಿಂದ ರಜೆ ಹಾಕು ಎಂದಷ್ಟೇ ಹೇಳಿದೆ. ಅವಳು ಕಾರಣ ಕೇಳಲಿಲ್ಲ. “ನೀನು ಹೇಳಿದ್ಮೇಲೆ ಸರೀನೇ ಇರುತ್ತೆ ಬಿಡು, ಅಮ್ಮೀ,” ಎಂದಳು.